ಸೇಲಂ ಸೀಮೆಯ ಕಿವಿ

ಸೇಲಂ ನಗರದಿಂದ ಏರ್ಕಾಡು ಬೆಟ್ಟದ ಕಡೆ ಹೊರಟರೆ ರಸ್ತೆಯ ಪಕ್ಕದಲ್ಲಿ ಒಂದು ಕಮಾನು ಸಿಗುತ್ತದೆ. ಮಾಡರ್ನ್ ಥಿಯೇಟರ್ಸ್ ಎಂಬ ಚಿತ್ರಸಂಸ್ಥೆಯ ಹೆಬ್ಬಾಗಿಲು ಅದು. ನೂರಕ್ಕೂ ಮಿಕ್ಕಿ ಚಿತ್ರಗಳನ್ನು ತಯಾರಿಸಿದ ಆ ಸ್ಟುಡಿಯೊ ಈಗಿಲ್ಲ. ಕಮಾನಿನ ಹಿಂದೆ ವಸತಿ ಬಡಾವಣೆ ಎದ್ದಿದೆ. ಮಾತು ಸ್ಫುಟವಾಗಿ ದಾಖಲಾಗಲೆಂದು ಹೊರಗಿನ ಗದ್ದಲವನ್ನು ತಡೆದು ನಿಲ್ಲಿಸಬೇಕಿದ್ದ ನೆಲದ ಮೇಲೆ ಈಗ ಟೈಲ್ಸ್ ಹಾಸಿದ, ಕಾಂಕ್ರೀಟ್ ತಾರಸಿಯ ಮನೆಗಳಿವೆ. ಅಂಥ ಮನೆಗಳ ಹಾಲ್‌ಗೇ ಜನ ಇಂದು ಐದು ಪುಟ್ಟ ಸ್ಪೀಕರು, ಒಂದು ಸಬ್‌ವೂಫರ್ ತಂದು ಜೋಡಿಸಿ ಹೋಮ್ ಥಿಯೇಟರ್ ಎನ್ನುವುದು. ಹೋಮ್ ಥಿಯೇಟರಿನ ಚರಿತ್ರೆಯನ್ನು ಸಾಮಾನ್ಯವಾಗಿ ಕಂಪನಿಗಳ, ಚಾನೆಲ್‌ಗಳ, ವ್ಯಾಟ್‌ಗಳ ಚರಿತ್ರೆಯಾಗಿ ಹೇಳುವ ರೂಢಿಯಿದೆ. ಸೇಲಂ, ಧರ್ಮಪುರಿ ಸೀಮೆಯ ಮಟ್ಟಿಗೆ ಆ ಕಥನ ಸಾಲದು. ಇಲ್ಲಿ ಕೇಳುವಿಕೆಯ ಚರಿತ್ರೆ ಎಂದರೆ, ಆಡಿದ ಮಾತು ಕೊನೆಯ ಸಾಲಿನವನ ಕಿವಿಗೂ ಮುಟ್ಟುವಂತೆ ಜಾಗವನ್ನೂ ಸಾಧನವನ್ನೂ ಹೊಂದಿಸಿಕೊಂಡು ಬಂದ ಚರಿತ್ರೆ. ಹೋಮ್ ಥಿಯೇಟರು ಜಾಗಕ್ಕೂ ಸಾಧನಕ್ಕೂ ನಡುವಿನ ಆ ಕೊಂಡಿಯನ್ನು ಕಳಚಿಕೊಂಡು ಬಂತು. ಅದನ್ನು ಸರಿಪಡಿಸುವ ಕೆಲಸ ಕೊಂಡಿ ಮತ್ತೆ ಕೂಡಿಸುವುದರಿಂದಲೇ ಆರಂಭವಾಗಬೇಕು ಎಂಬುದು ನನ್ನ ವಾದ.

ಆಡಳಿತದ ಗೆರೆಗಳು ಇಲ್ಲಿ ಇತ್ತೀಚಿನವು. ಧರ್ಮಪುರಿ ಸೇಲಂನಿಂದ ಬೇರೆಯಾದದ್ದು 1965ರಲ್ಲಿ, ಕೃಷ್ಣಗಿರಿ ಧರ್ಮಪುರಿಯಿಂದ ಬೇರೆಯಾದದ್ದು 2004ರಲ್ಲಿ. ಗೆರೆಗಳಿಗಿಂತ ಹಳೆಯದು ದ್ರೌಪದಿ ಅಮ್ಮನ ಜಾತ್ರೆ, ಅದರ ಜೊತೆಗೆ ರಾತ್ರಿಯಿಡೀ ನಡೆಯುವ ತೆರುಕೂತ್ತು ಎಂಬ ಬಯಲಾಟ. ಬಯಲಿನಲ್ಲಿ ಸದ್ದಿಗೆ ಆಸರೆಯಿಲ್ಲ: ದೂರ ಇಮ್ಮಡಿಯಾದಂತೆಲ್ಲ ಆರು ಡೆಸಿಬೆಲ್ ಇಳಿಯುತ್ತದೆ. ಕೂತ್ತು ಇದಕ್ಕೆ ತನ್ನದೇ ಉಪಾಯಗಳನ್ನು ಕಂಡುಕೊಂಡಿತ್ತು. ವೇಷಧಾರಿ ಏರುದನಿಯಲ್ಲಿ ಹಾಡುತ್ತಾನೆ, ಹಿಮ್ಮೇಳ ಅದೇ ಸಾಲನ್ನು ಎತ್ತಿಕೊಂಡು ಮತ್ತೆ ಹಾಡುತ್ತದೆ. ಮೊದಲ ಸಲ ಕೇಳದವನಿಗೆ ಎರಡನೆಯ ಸಲ ಕೇಳುತ್ತದೆ. ಗಡಿಯಾಚೆ ನಮ್ಮ ಮೂಡಲಪಾಯದಲ್ಲಿರುವ ಮುಖವೀಣೆಯೇ ಇಲ್ಲಿಯೂ ಇದೆ. ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವ ಎರಡರಿಂದ ನಾಲ್ಕು ಸಾವಿರ ಹರ್ಟ್ಸ್‌ನ ಹಾದಿಯಲ್ಲೇ ಅದರ ತೀಕ್ಷ್ಣ ದನಿ ಸಾಗುತ್ತದೆ. ಹೊತ್ತಿನ ಆಯ್ಕೆಯೂ ನೆರವಾಯಿತು. ಇಳಿರಾತ್ರಿಯಲ್ಲಿ ನೆಲ ತಣಿದು, ಅದರ ಮೇಲಿನ ಗಾಳಿ ಬೆಚ್ಚಗೆ ಉಳಿದಾಗ, ಮೇಲೇರಿದ ಸದ್ದು ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತದೆ. ಹಗಲಿನಲ್ಲಿ ಕೇಳದಷ್ಟು ದೂರಕ್ಕೆ ರಾತ್ರಿಯ ಹಾಡು ಕೇಳುವುದು ಹೀಗೆ. ಕೂತ್ತಿನವರು ಇದನ್ನು ಲೆಕ್ಕ ಹಾಕಿ ಮಾಡಿದರೆಂದು ನಾನು ಹೇಳುತ್ತಿಲ್ಲ. ಉಳುಮೆ, ಬೇಸಗೆಯ ಸೆಕೆ, ಹರಕೆ ಎಲ್ಲವೂ ರಾತ್ರಿಯನ್ನೇ ಬಯಸುತ್ತಿದ್ದವು. ಆದರೆ ತಲೆಮಾರುಗಳು ಉಳಿಸಿಕೊಂಡ ರೂಪದಲ್ಲಿ ಜಾಗಕ್ಕೆ ಒಗ್ಗದ್ದು ಉದುರಿಹೋಗಿರುತ್ತದೆ ಎಂಬುದನ್ನು ಒಪ್ಪಬಹುದು.

ಟಾಕಿ ಬಂದಾಗ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಯಿತು. 1931ರ ‘ಆಲಂ ಆರಾ’ದ ಚಿತ್ರೀಕರಣ ನಡೆದದ್ದು ಬಹುಪಾಲು ನಡುರಾತ್ರಿಯ ನಂತರ, ಸ್ಟುಡಿಯೊ ಪಕ್ಕದಲ್ಲೇ ರೈಲು ಹಳಿಯಿತ್ತು, ರೈಲಿಲ್ಲದ ಹೊತ್ತು ನೋಡಿ ಮಾತು ಹಿಡಿಯಬೇಕಿತ್ತು. ಮಾತಿಗೊಂದು ಜಾಗ ಬೇಕೆಂಬ ಕಾರಣಕ್ಕೇ ದಕ್ಷಿಣದವರು ಮೊದಮೊದಲು ಊರು ಬಿಟ್ಟು ಅಲೆದರು. ನಮ್ಮ ‘ಸತಿ ಸುಲೋಚನಾ’ 1934ರಲ್ಲಿ ಕೊಲ್ಹಾಪುರದಲ್ಲಿ ತಯಾರಾಯಿತು. ತಿರುಚೆಂಗೋಡಿನ ಟಿ. ಆರ್. ಸುಂದರಂ ಅದೇ ಕಾಲದಲ್ಲಿ ಕಲ್ಕತ್ತೆಗೆ ಹೋಗಿ ಪಾಲುದಾರಿಕೆಯಲ್ಲಿ ‘ದ್ರೌಪದಿ ವಸ್ತ್ರಾಪಹರಣಂ’ ತೆಗೆದರು. ಲೀಡ್ಸ್‌ನಲ್ಲಿ ಜವಳಿ ವಿದ್ಯೆ ಕಲಿತು ಬಂದ ಅವರು ಸಿನಿಮಾಕ್ಕೆ ಎತ್ತಿಕೊಂಡ ಕಥೆ ಅವರ ಸೀಮೆಯ ಕೂತ್ತಿನ ಕಣದ್ದೇ ಎಂಬುದನ್ನು ಗಮನಿಸಬೇಕು. ಆಮೇಲೆ ಅವರು ಕಲ್ಕತ್ತೆಗೆ ಹೋಗುವ ಬದಲು ಸ್ಟುಡಿಯೊವನ್ನೇ ಸೇಲಂಗೆ ತಂದರು; ಆ ಕಮಾನಿನ ಮಾಡರ್ನ್ ಥಿಯೇಟರ್ಸ್ ಅದೇ. 1937ರಲ್ಲಿ ‘ಸತಿ ಅಹಲ್ಯಾ’, 1938ರಲ್ಲಿ ಮಲಯಾಳದ ಮೊದಲ ಟಾಕಿ ‘ಬಾಲನ್’ ಇಲ್ಲಿಂದ ಹೊರಬಂದವು. ಒಂದು ಭಾಷೆಯ ಸಿನಿಮಾ ಮೊದಲ ಸಲ ಬಾಯಿ ಬಿಟ್ಟದ್ದು ಆ ಭಾಷೆಯ ನಾಡಿನಾಚೆ, ಸೇಲಂನಲ್ಲಿ. ಯಾಕೆಂದರೆ ಮಾತು ಹಿಡಿಯುವ ಏರ್ಪಾಡು ಇಲ್ಲಿತ್ತು. 1950ರ ‘ಮಂತ್ರಿಕುಮಾರಿ’ಯನ್ನು ಎಲ್ಲಿಸ್ ಡಂಗನ್ ಮತ್ತು ಸುಂದರಂ ನಿರ್ದೇಶಿಸಿದರು, ಮಾತು ಬರೆದವರು ಕರುಣಾನಿಧಿ. ಸಂಭಾಷಣೆಯನ್ನು ಕೇಳುವುದಕ್ಕೆಂದೇ ಜನ ಚಿತ್ರಮಂದಿರಕ್ಕೆ ಹೋಗುವ ಕಾಲ ಗಟ್ಟಿಯಾದದ್ದು ಇಂಥ ಚಿತ್ರಗಳಿಂದ.

ಹಾಡುಗಳನ್ನು ಮರೆತಿರಾ ಎಂದು ಯಾರಾದರೂ ಕೇಳಬಹುದು. ಮೂವತ್ತು, ನಲವತ್ತರ ದಶಕದ ತಮಿಳು ಚಿತ್ರಗಳಲ್ಲಿ ಡಜನುಗಟ್ಟಲೆ ಹಾಡುಗಳಿರುತ್ತಿದ್ದವು. ಟೂರಿಂಗ್ ಟಾಕೀಸಿನ ಡೇರೆಯ ಮೇಲೆ ಕಟ್ಟಿದ ಕೊಂಬಿನ ಸ್ಪೀಕರು ಸಂಜೆಗತ್ತಲಲ್ಲಿ ಸಾರುತ್ತಿದ್ದದ್ದೂ ಹಾಡನ್ನೇ, ಸಂಭಾಷಣೆಯನ್ನಲ್ಲ. ಆಕ್ಷೇಪ ನ್ಯಾಯವಾದದ್ದು. ಆದರೆ ಆ ಕೊಂಬಿನ ಸ್ವಭಾವವನ್ನು ನೋಡಬೇಕು. ಅದು ಕೆಲವೇ ವ್ಯಾಟ್‌ಗಳಲ್ಲಿ ಊರಿಡೀ ಕೇಳಿಸುತ್ತದೆ, ಯಾಕೆಂದರೆ ತನ್ನ ಬಲವನ್ನೆಲ್ಲ ಮಾತಿನ ಸ್ಫುಟತೆ ಅಡಗಿರುವ ನಡುದನಿಗಳಿಗೇ ಮೀಸಲಿಡುತ್ತದೆ. ಮುನ್ನೂರು ಹರ್ಟ್ಸ್‌ನ ಕೆಳಗೆ ಅದರಲ್ಲಿ ಹೆಚ್ಚೇನೂ ಇಲ್ಲ. ಅಲ್ಲಿಂದ ಹೊರಟ ಹಾಡಿನಲ್ಲೂ ಮೃದಂಗದ ಗುಮ್ಮು ಸೊರಗುತ್ತದೆ, ಸಾಹಿತ್ಯ ಉಳಿಯುತ್ತದೆ. ಭಾಷಣಕ್ಕೂ ಬೇಕಾದದ್ದು ಇದೇ ಕೊಂಬು: 1944ರ ಆಗಸ್ಟ್ 27ರಂದು ಜಸ್ಟಿಸ್ ಪಕ್ಷ ದ್ರಾವಿಡರ್ ಕಳಗವಾದದ್ದು ಸೇಲಂ ಸಮ್ಮೇಳನದಲ್ಲಿ. ಅಲ್ಲಿಂದ ಮುಂದೆ ಈ ಸೀಮೆಯ ರಾಜಕೀಯ ಬೆಳೆದದ್ದು ಮೈಕಿನ ಮುಂದಿನ ಭಾಷಣದಲ್ಲಿ. ಹಾಡು, ಸಂಭಾಷಣೆ, ಭಾಷಣ ಮೂರಕ್ಕೂ ಒಂದೇ ಕೊಂಬು ಸಾಕಾಯಿತು ಎಂಬುದೇ ಇಲ್ಲಿನ ಕಿವಿ ಏನನ್ನು ಬೇಡುತ್ತಿತ್ತು ಎಂಬುದಕ್ಕೆ ಸಾಕ್ಷಿ.

ಗುಮ್ಮಿನ ರುಚಿ ಬಂದದ್ದು ಬೇರೆ ದಾರಿಯಿಂದ. ಖಾಸಗಿ ಬಸ್ಸುಗಳು ಟೇಪ್‌ರೆಕಾರ್ಡರು ಹಾಕಿಸಿಕೊಂಡಾಗ ಎದುರಾದದ್ದು ಎಂಜಿನ್ನಿನ ಗುರುಗುಟ್ಟುವಿಕೆ. ಅದು ಹಾಡಿನ ಕೆಳದನಿಗಳನ್ನು ನುಂಗಿಹಾಕುತ್ತದೆ. ಅವು ಮತ್ತೆ ಕೇಳಬೇಕೆಂದರೆ ಬಾಸ್ ಏರಿಸಲೇಬೇಕು. ಮಗ್ಗದ ಮನೆಯದೂ ಇದಕ್ಕೆ ಹತ್ತಿರದ ಪಾಡು. ವಿದ್ಯುತ್ ಮಗ್ಗಗಳ ಸದ್ದು 90 ಡೆಸಿಬೆಲ್ ದಾಟುತ್ತದೆ, ಅದರ ನಡುವೆ ಹಾಡು ಕೇಳಬೇಕೆಂದರೆ ಅಬ್ಬರವೊಂದೇ ದಾರಿ. ಊರೂರಿನ ರೇಡಿಯೊ ಮೆಕ್ಯಾನಿಕ್ಕುಗಳು 4440 ಐಸಿಯ ಆಂಪ್ಲಿಫೈಯರು ಕಟ್ಟಿ, ಪ್ಲೈವುಡ್ ಪೆಟ್ಟಿಗೆಗೆ ದೊಡ್ಡ ಸ್ಪೀಕರು ಕೂರಿಸಿ ಕೊಟ್ಟದ್ದು ಈ ಬೇಡಿಕೆಗೆ. ಗದ್ದಲದ ಜಾಗಕ್ಕೆ ಅದು ಸರಿಯಾದ ಉತ್ತರವೇ ಆಗಿತ್ತು. ತಪ್ಪಿದ್ದು ಆ ಉತ್ತರವನ್ನು ಹಾಗೇ ಎತ್ತಿ ನಿಶ್ಶಬ್ದವಾದ ಹಾಲ್‌ಗೆ ತಂದಾಗ. ಅಷ್ಟರಲ್ಲಿ ಚಿತ್ರಮಂದಿರವೂ ಬದಲಾಗಿತ್ತು. 1995ರ ‘ಕುರುದಿಪ್ಪುನಲ್’ ಡಾಲ್ಬಿ ಸ್ಟೀರಿಯೊ ತಂತ್ರದಲ್ಲಿ, 1996ರ ‘ಕರುಪ್ಪು ರೋಜಾ’ ಡಿಟಿಎಸ್‌ನಲ್ಲಿ ಬಂದ ಮೇಲೆ ಸದ್ದೇ ಒಂದು ಜಾಹೀರಾತಾಯಿತು. 2006ರಲ್ಲಿ ತಮಿಳುನಾಡು ಸರ್ಕಾರ ಉಚಿತ ಕಲರ್ ಟಿವಿ ಹಂಚತೊಡಗಿತು, ಬಡವರ ಮನೆಗೂ ತೆರೆ ಬಂತು. ತೆರೆ ಬಂದ ಮನೆಗೆ ಟಿವಿಯ ಸಣ್ಣ ಸ್ಪೀಕರು ಸಾಲದೆ ಪೆಟ್ಟಿಗೆಗಳೂ ಬಂದವು. ಸಭಾಂಗಣ, ಡೇರೆ, ಬಯಲು ಇವುಗಳ ಯೋಚನೆ ಮಾಡುತ್ತಿದ್ದ ಸೀಮೆ ಮನೆಯ ಮಟ್ಟಿಗೆ ಜಾಗದ ಯೋಚನೆಯನ್ನೇ ಬಿಟ್ಟಿತು.

ಆ ಜಾಗ ಎಂಥದ್ದು? ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಹಾಲ್ ಎಂದಿಟ್ಟುಕೊಳ್ಳೋಣ. ಗಾರೆಯ ಗೋಡೆ, ಕಾಂಕ್ರೀಟ್ ತಾರಸಿ, ನೆಲಕ್ಕೆ ಟೈಲ್ಸು. ಕೃಷ್ಣಗಿರಿ ಕಡೆಯ ಗ್ರಾನೈಟು ಹಾಸಿದ್ದರೂ ಫಲ ಒಂದೇ. ಹಾರ್ವರ್ಡಿನ ವಾಲೇಸ್ ಸಬೀನ್ 1890ರ ದಶಕದಲ್ಲಿ ರಾತ್ರಿಹೊತ್ತು ನಾಟಕಶಾಲೆಯ ಸೀಟಿನ ಮೆತ್ತೆಗಳನ್ನು ಉಪನ್ಯಾಸದ ಕೋಣೆಗೆ ಹೊತ್ತು ತಂದು, ಮತ್ತೆ ಹೊತ್ತೊಯ್ದು ಕಂಡುಕೊಂಡ ಸೂತ್ರವೊಂದಿದೆ: ಕೋಣೆಯ ಗಾತ್ರ ಹೆಚ್ಚಿದಷ್ಟೂ ಅನುರಣನ ಹೆಚ್ಚು, ಹೀರುವ ಮೈ ಹೆಚ್ಚಿದಷ್ಟೂ ಕಡಿಮೆ. ಅದರಂತೆ ಲೆಕ್ಕ ಹಾಕಿದರೆ ನಮ್ಮ ಹಾಲ್ ಖಾಲಿ ಇದ್ದಾಗ ಅದರೊಳಗಿನ ಸದ್ದು ಸಾಯಲು ಮೂರು ಸೆಕೆಂಡಿನ ಹತ್ತಿರ ಬೇಕು; ಮಾತು ಬಿಡಿಬಿಡಿಯಾಗಿ ಕೇಳಲು ಅರ್ಧ ಸೆಕೆಂಡು ಮೀರಬಾರದು. ಸೋಫಾ, ಪರದೆ, ಕೂತ ಜನ ಒಂದಿಷ್ಟು ಹೀರುತ್ತಾರೆ, ಆದರೂ ಅಂತರ ದೊಡ್ಡದು. ಎರಡನೆಯ ತೊಡಕು ಅಳತೆಯದು. ಎದುರುಬದುರು ಗೋಡೆಗಳ ನಡುವೆ ಸದ್ದಿನ ಅರ್ಧ ಅಲೆ ಸರಿಯಾಗಿ ಕೂತಾಗ ಆ ದನಿ ಉಬ್ಬುತ್ತದೆ. ಹನ್ನೆರಡು ಅಡಿಗೆ ಅದು ಸುಮಾರು 47 ಹರ್ಟ್ಸ್, ಹತ್ತು ಅಡಿಗೆ 56. ಅಗಲ, ಎತ್ತರ ಎರಡೂ ಹತ್ತೇ ಅಡಿ ಆದ್ದರಿಂದ 56ರ ಉಬ್ಬು ಇಮ್ಮಡಿಯಾಗಿ ಸೇರುತ್ತದೆ. ಯಾವ ಚಿತ್ರ ಹಾಕಿದರೂ ಒಂದೇ ಗುಮ್ಮು ಕೇಳುವುದು, ಸ್ಫೋಟಕ್ಕೂ ಡೋಲಿಗೂ ಲಾರಿಗೂ ಭೇದವೇ ಇಲ್ಲದಿರುವುದು ಇದರಿಂದ. ಮನೆಯವರು ಅದನ್ನೇ ಒಳ್ಳೆಯ ಬಾಸ್ ಎಂದು ನಂಬಿರುತ್ತಾರೆ. ಹಳೆಯ ನಾಡಹೆಂಚಿನ ಮನೆಗಳಲ್ಲಿ ಈ ಕಾಟ ಇಷ್ಟಿರಲಿಲ್ಲ: ಇಳಿಜಾರು ಮಾಡಿನ ಸಂದುಗಳಿಂದ, ತೆರೆದ ಅಂಗಳದಿಂದ ಗುಮ್ಮು ಸೋರಿಹೋಗುತ್ತಿತ್ತು.

ಹಾಗಾಗಿ ಇಂಥ ಮನೆಯಲ್ಲಿ ಹೊಸ ಪೆಟ್ಟಿಗೆ ಕೊಳ್ಳುವ ಮೊದಲು ಇರುವುದನ್ನು ಸರಿಯಾಗಿ ಕೂರಿಸುವುದು ಲೇಸು. ಸೋಫಾವನ್ನು ಹಿಂಗೋಡೆಗೆ ಒತ್ತಿ ಇಟ್ಟವರು ಗುಮ್ಮಿನ ತುತ್ತತುದಿಯಲ್ಲಿ ಕೂತಿರುತ್ತಾರೆ; ಒಂದೆರಡು ಅಡಿ ಮುಂದಕ್ಕೆ ಎಳೆದರೆ ಅದು ಇಳಿಯುತ್ತದೆ, ಕೋಣೆಯ ನಟ್ಟನಡುವೆ ಹೋದರೆ ಇದ್ದಕ್ಕಿದ್ದಂತೆ ಬಾಸ್ ಮಾಯವಾಗುತ್ತದೆ. ಸಬ್‌ವೂಫರಿಗೆ ಜಾಗ ಹುಡುಕಲು ಒಂದು ಹಳೆಯ ಉಪಾಯವಿದೆ: ಅದನ್ನು ಸೋಫಾದ ಮೇಲೆ ಕೂರಿಸಿ, ನಾವು ಗೋಡೆಯಂಚಿನಲ್ಲಿ ಅಂಬೆಗಾಲಿಡುತ್ತ ಎಲ್ಲಿ ಬಾಸ್ ಸಮನಾಗಿ ಕೇಳುತ್ತದೋ ಅಲ್ಲಿಗೆ ಅದನ್ನು ಇಳಿಸುವುದು. ನೆಂಟರಿಲ್ಲದ ಹೊತ್ತಿನಲ್ಲಿ ಮಾಡುವುದು ಮೇಲು. ಚಿತ್ರದ ಮಾತೆಲ್ಲ ಹೆಚ್ಚುಕಡಿಮೆ ನಡುವಣ ಸೆಂಟರ್ ಸ್ಪೀಕರಿನಿಂದ ಬರುತ್ತದೆ. ಚಿತ್ರಮಂದಿರದಲ್ಲಿ ಅದು ರಂಧ್ರಗಳಿರುವ ತೆರೆಯ ಹಿಂದೆಯೇ ಇರುತ್ತದೆ. ಮನೆಯಲ್ಲಿ ಅದನ್ನು ಟಿವಿ ಸ್ಟ್ಯಾಂಡಿನ ಗೂಡಿನೊಳಗೆ ತಳ್ಳಿರುತ್ತಾರೆ, ಗೂಡು ತಾನೂ ಗುನುಗುತ್ತದೆ. ಗೂಡಿನ ಅಂಚಿಗೆ ತಂದು, ಮುಖವನ್ನು ಕಿವಿಯ ಕಡೆ ಎತ್ತಿ, ಮಟ್ಟವನ್ನು ಎರಡು ಮೂರು ಡೆಸಿಬೆಲ್ ಏರಿಸಿದರೆ ಅರ್ಧ ಕೆಲಸ ಮುಗಿಯಿತು. ಮುಂದಿನ ಎರಡು ಸ್ಪೀಕರುಗಳು ನಡುವಿನಿಂದ 30 ಡಿಗ್ರಿಯಷ್ಟು ಅತ್ತಿತ್ತ, ಹಿಂಬದಿಯವು ಸುಮಾರು 110 ಡಿಗ್ರಿಯಲ್ಲಿ, ಕಿವಿಗಿಂತ ತುಸು ಮೇಲೆ ಇರಬೇಕು. ತಾರಸಿಯ ಮೂಲೆಗೆ ಮೊಳೆ ಹೊಡೆದು ತೂಗುಹಾಕಿದರೆ ಮದುವೆ ಛತ್ರದ ಅನುಭವ ಸಿಗುತ್ತದೆ, ಸಿನಿಮಾದ್ದಲ್ಲ. ನೆಲಕ್ಕೆ ಭವಾನಿಯ ದಪ್ಪ ಜಮಖಾನ, ಗೋಡೆಗೆ ಮಡಿಕೆ ಮಡಿಕೆಯ ಪರದೆ, ತುಂಬಿದ ಪುಸ್ತಕದ ಕಪಾಟು ಇವೆಲ್ಲ ಮಾತಿನ ಹಾದಿಯನ್ನು ತಿಳಿಯಾಗಿಸುತ್ತವೆ. ಆದರೆ 56 ಹರ್ಟ್ಸ್‌ನ ಗುಮ್ಮನ್ನು ಬಟ್ಟೆ ಹೀರಲಾರದು. ಅದಕ್ಕೆ ಜಾಗ ಬದಲಿಸುವುದೇ ಮದ್ದು.

ಇಂದಿನ ರಿಸೀವರುಗಳು ಮೈಕಿನಿಂದ ಅಳೆದು ತಾವೇ ತಿದ್ದಿಕೊಳ್ಳುತ್ತವಲ್ಲ, ಇಷ್ಟು ಪಾಡು ಯಾಕೆ ಎಂಬುದು ತಂತ್ರ ಬಲ್ಲವರ ಪ್ರಶ್ನೆ. ದೂರಗಳನ್ನು ಸರಿದೂಗಿಸುವುದರಲ್ಲಿ, ಉಬ್ಬಿದ ದನಿಯನ್ನು ತಗ್ಗಿಸುವುದರಲ್ಲಿ ಆ ಯಂತ್ರಗಳು ನಿಜಕ್ಕೂ ಸಮರ್ಥ. ಆದರೆ ಕೂತ ಜಾಗದಲ್ಲಿ ಬಾಸ್ ಸತ್ತಿದ್ದರೆ ಅದನ್ನು ಹತ್ತು ಡೆಸಿಬೆಲ್ ಏರಿಸಲು ಹತ್ತು ಪಟ್ಟು ಶಕ್ತಿ ಸುರಿಯಬೇಕು, ಸುರಿದದ್ದೂ ಗೋಡೆಗೆ ಬಡಿದು ಅಲ್ಲೇ ರದ್ದಾಗುತ್ತದೆ. ಗೋಡೆಯಿಂದ ಗೋಡೆಗೆ ಪುಟಿಯುವ ಅನುರಣನವನ್ನಂತೂ ಸಾಮಾನ್ಯ ಈಕ್ವಲೈಸರು ಮೊಟಕುಗೊಳಿಸಲಾರದು. ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು: ಜನಕ್ಕೆ ಗುಮ್ಮು ಇಷ್ಟವಾದರೆ ಬೇಡ ಎನ್ನಲು ನಾವು ಯಾರು? ರುಚಿಯ ಮೇಲೆ ಯಜಮಾನಿಕೆ ಸಲ್ಲದು, ಒಪ್ಪುತ್ತೇನೆ. ನಾನು ಇಲ್ಲಿ ಹಿಡಿದ ಅಳತೆಗೋಲು ಹೊರಗಿನದಲ್ಲ. ಒಂದು ಸಾಲನ್ನು ಎರಡು ಸಲ ಹಾಡಿದ ಕೂತ್ತು, ಸಂಭಾಷಣೆಗಾಗಿ ಓಡಿದ ಚಿತ್ರಗಳು, ಮೈಕಿನ ಮುಂದೆ ಕಟ್ಟಿದ ರಾಜಕೀಯ, ಎಲ್ಲ ಇದೇ ಸೀಮೆಯವು. ಸಂಭಾಷಣೆ ಬಂದಾಗ ವಾಲ್ಯೂಮ್ ಏರಿಸಿ, ಫೈಟ್ ಬಂದಾಗ ರಿಮೋಟಿಗೆ ಕೈಚಾಚುವ ಪಾಡನ್ನು ಯಾರೂ ರುಚಿಯೆಂದು ಆರಿಸಿಕೊಂಡಿರಲಾರರು.

ಕನ್ನಡದವರಿಗೆ ಇದರಲ್ಲಿ ಬೇರೊಂದು ಬಾಬತ್ತೂ ಇದೆ. ಸೇಲಂನ ನೇಕಾರ ದೇವಾಂಗರಲ್ಲಿ ಹಲವರ ಮನೆಮಾತು ಕನ್ನಡ. ಓದುಬರಹ ಬಹುಪಾಲು ತಮಿಳಿನಲ್ಲಿ. ಕನ್ನಡ ಚಿತ್ರ ಅಲ್ಲಿನ ತೆರೆಗೆ ಬರುವುದು ಅಪರೂಪ, ಹಾಗಾಗಿ ಬರೆದ ಕನ್ನಡ ಓದಲಾಗದ ಮನೆಗೆ ಸಿನಿಮಾದ ಕನ್ನಡ ಸಿಕ್ಕುವುದಿದ್ದರೆ ಅದು ಹಾಲ್‌ನ ಸ್ಪೀಕರಿನಿಂದಲೇ. ಮೈಸೂರು, ಧಾರವಾಡದ ಮಾತಿನ ಧಾಟಿ ತಮ್ಮ ಮನೆಮಾತಿಗಿಂತ ಬೇರೆಯಾಗಿರುವುದರಿಂದ ಒಂದೊಂದು ಅಕ್ಷರವೂ ಬಿಡಿಸಿ ಕೇಳಬೇಕಾಗುತ್ತದೆ. ಅದೂ ಪಕ್ಕದ ಮನೆಗೆ ತಾಗದ ಹಾಗೆ: 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ವಿಧಿಸಿರುವ ಮಿತಿ 45 ಡೆಸಿಬೆಲ್. ಗೋಡೆ ದಾಟುವುದರಲ್ಲಿ ಮಾತಿಗಿಂತ ಗುಮ್ಮೇ ಮುಂದು. ಸೆಂಟರ್ ಸ್ಪೀಕರು ಸರಿಯಾಗಿ ಕೂತು, ಸಬ್‌ವೂಫರು ಮೂಲೆ ಬಿಟ್ಟು ಹೊರಬಂದ ಮನೆಯಲ್ಲಿ ವಾಲ್ಯೂಮ್ ಇಳಿಸಿದರೂ ಸಂಭಾಷಣೆ ತಪ್ಪುವುದಿಲ್ಲ; ಮೂಲೆಯ ಗುಮ್ಮನ್ನೇ ನೆಚ್ಚಿದ ಮನೆಯಲ್ಲಿ ವಾಲ್ಯೂಮ್ ಇಳಿಸಿದೊಡನೆ ಮೊದಲು ಕಾಣೆಯಾಗುವುದು ಮಾತು, ಗೋಡೆಯಾಚೆಯವರಿಗೆ ಕೊನೆಯವರೆಗೂ ಕೇಳುತ್ತಿರುವುದು ಗುಮ್ಮು.