ದಾನಪತ್ರದಲ್ಲಿ ಇಲ್ಲದ ಷರತ್ತು: ವಿಜಯಪುರ ಜಿಲ್ಲೆಯ ಹಿರಿಯರ ಆಸ್ತಿ ಮತ್ತು 2007ರ ಕಾಯ್ದೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಹಿರಿಯರು ಬದುಕಿರುವಾಗಲೇ ಹೊಲ ಮಕ್ಕಳ ಹೆಸರಿಗೆ ಹೋಗುವುದು ವಾಟ್ನಿ (ಪಾಲುಪಟ್ಟಿ), ದಾನಪತ್ರ ಅಥವಾ ಹಕ್ಕು ಬಿಡುಗಡೆ ಪತ್ರದ ಮೂಲಕ. ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಬದಲಾದ ಮೇಲೆ ಅನ್ನ, ಔಷಧ ನಿಂತರೆ ಕೊಟ್ಟವರಿಗೆ ದಾರಿಯೇನು?

ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007ರ 23ನೇ ಕಲಂ ಒಂದು ದಾರಿ ತೋರಿಸುತ್ತದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯ ವರ್ಗಾವಣೆಯನ್ನು, ಷರತ್ತು ಮುರಿದರೆ, ನ್ಯಾಯಮಂಡಳಿ ರದ್ದುಪಡಿಸಬಹುದು. ತೊಡಕಿರುವುದು ಆ ಷರತ್ತಿನಲ್ಲೇ. 'ಪ್ರೀತಿ ವಿಶ್ವಾಸದಿಂದ' ಕೊಟ್ಟಿದ್ದೇನೆ ಎಂಬ ರೂಢಿಯ ಒಕ್ಕಣೆಯಲ್ಲಿ ಷರತ್ತಿನ ಸುಳಿವೇ ಇರುವುದಿಲ್ಲ. ಮಗನ ಎದುರು ಕೂತು 'ನನ್ನನ್ನು ಸಾಕುತ್ತೇನೆಂದು ಬರೆದುಕೊಡು' ಎನ್ನಲು ಯಾವ ತಾಯಿಗೆ ಬಾಯಿ ಬಂದೀತು?

ಸುದೇಶ್ ಛಿಕಾರಾ ವಿರುದ್ಧ ರಾಮ್ತಿ ದೇವಿ (2022) ಪ್ರಕರಣದಲ್ಲಿ ತಾಯಿ ಬರೆದುಕೊಟ್ಟದ್ದು ಹಕ್ಕು ಬಿಡುಗಡೆ ಪತ್ರ. ಷರತ್ತು ಸಾಬೀತಾಗಲಿಲ್ಲವೆಂದು ಸುಪ್ರೀಂ ಕೋರ್ಟ್ ಆಕೆಯ ಪರವಾಗಿದ್ದ ಆದೇಶವನ್ನು ತಳ್ಳಿಹಾಕಿತು. ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ (2 ಜನವರಿ 2025) ದಾನಪತ್ರದ ಜೊತೆಗೆ ಮಗನ ವಚನಪತ್ರವೂ ಇತ್ತು. ಎರಡನ್ನೂ ಕೂಡಿಸಿ ಓದಿದ ನ್ಯಾಯಾಲಯ ಕಾಯ್ದೆಯನ್ನು ಉದಾರವಾಗಿ ಅರ್ಥೈಸಿ ತಾಯಿಗೆ ಆಸ್ತಿ ಮರಳಿಸಿತು. ನನ್ನ ಓದಿನಲ್ಲಿ ಈ ಎರಡು ತೀರ್ಪುಗಳ ನಡುವಿನ ಅಂತರವೆಂದರೆ ಒಂದು ಹಾಳೆ. ಬಾಂಡ್ ಬರೆಯುವವರು ಆ ಹಾಳೆಯ ಮಾತೆತ್ತುವುದನ್ನು ರೂಢಿ ಮಾಡಿಕೊಂಡರೆ ವಯಸ್ಸಾದವರಿಗೆ ಬಾಯಿಬಿಟ್ಟು ಕೇಳುವ ಮುಜುಗರ ತಪ್ಪುತ್ತದೆ.

ನ್ಯಾಯಮಂಡಳಿ ಎಂದರೆ ಇಲ್ಲಿ ಉಪವಿಭಾಗಾಧಿಕಾರಿ. ಸಿಂದಗಿಯವರು ಇಂಡಿಗೆ, ಮುದ್ದೇಬಿಹಾಳ ಮತ್ತು ಬಾಗೇವಾಡಿಯವರು ವಿಜಯಪುರಕ್ಕೆ ಹೋಗಬೇಕು. ಮಕ್ಕಳು ಗೋವಾ, ಪುಣೆಗೆ ದುಡಿಯಲು ಹೋಗಿದ್ದರೆ ನೋಟಿಸ್ ಮುಟ್ಟಿಸುವುದೇ ಮೊದಲ ಕಷ್ಟ.

ನೆಲಕ್ಕಿಂತ ಹಣದ ಪ್ರಶ್ನೆ ಬಿಗಿ. ಆಲಮಟ್ಟಿ ಅಣೆಕಟ್ಟೆಯನ್ನು 524.256 ಮೀಟರಿಗೆ ಎತ್ತರಿಸುವುದರಿಂದ ಮುಳುಗುವ ಜಮೀನಿಗೆ ಎಕರೆಗೆ ನೀರಾವರಿಗಾದರೆ 40 ಲಕ್ಷ, ಖುಷ್ಕಿಗಾದರೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಇಂಥ ಪರಿಹಾರ ಬರುವುದು ಖಾತೆದಾರರ ಬ್ಯಾಂಕಿಗೆ. ಎಟಿಎಂ ಕಾರ್ಡು ಮಾತ್ರ ಮನೆಯಲ್ಲಿ ಯಾರ ಕಿಸೆಯಲ್ಲಾದರೂ ಇರಬಹುದು. ಸಂಧ್ಯಾ ಸುರಕ್ಷಾ ವೃದ್ಧಾಪ್ಯ ವೇತನದ ತಿಂಗಳ 1,200 ರೂಪಾಯಿಗೂ ಇದೇ ಗತಿ ಬರಬಹುದು. ಕಾಯ್ದೆಯ ವ್ಯಾಖ್ಯೆಯಲ್ಲಿ ಚರಾಸ್ತಿಯೂ ಆಸ್ತಿಯೇ. ಆದರೆ ಕಾರ್ಡಿನಿಂದ ತೆಗೆದ ಹಣಕ್ಕೆ ರದ್ದುಪಡಿಸಲು ಪತ್ರವೇ ಇಲ್ಲ. ಹಾಗಾಗಿ ನ್ಯಾಯಮಂಡಳಿಯ ಮುಂದೆ ಉಳಿಯುವುದು ಜೀವನಾಂಶದ ಅರ್ಜಿ. ಅದಕ್ಕೆ ಕಾಯ್ದೆ ಹಾಕಿದ ಮಿತಿ ತಿಂಗಳಿಗೆ 10,000 ರೂಪಾಯಿ.