ಕಟ್ಟಡ ಕಟ್ಟುವವರ ಸನ್ನದು

ಕಟ್ಟಡದ ದೋಷವು ಕಟ್ಟುವಾಗ ಕಾಣುವುದಿಲ್ಲ. ತಳಹದಿಯು ಮಣ್ಣಿನಲ್ಲಿಯೂ ಗೋಡೆಯ ಒಡಲು ಗಾರೆಯಲ್ಲಿಯೂ ಮುಚ್ಚಿಹೋದಮೇಲೆ, ಹಣ ತೆತ್ತ ಗೃಹಸ್ಥನಿಗೆ ಮೇಸ್ತ್ರಿಯ ಮಾತೇ ಪ್ರಮಾಣ. ಆದಕಾರಣ ರಾಜಶಾಸನವು ಪುರಾತನ ಕಾಲದಿಂದಲೂ ಈ ವೃತ್ತಿಯ ಮೇಲೆ ಕಣ್ಣಿಟ್ಟಿದೆ. ಆದರೆ ಶಾಸನವು ಎಚ್ಚರಗೊಳ್ಳಬೇಕಾದುದು ಕೆಲಸ ಕೆಟ್ಟಮೇಲೋ, ಕೆಲಸಕ್ಕೆ ಕೈಹಚ್ಚುವ ಮೊದಲೋ ಎಂಬಲ್ಲಿ ಮತಭೇದವುಂಟು.

ಕ್ರಿಸ್ತಪೂರ್ವ 18ನೆಯ ಶತಮಾನದ ಬ್ಯಾಬಿಲೋನಿನ ಅರಸ ಹಮ್ಮುರಾಬಿಯದು ಮೊದಲನೆಯ ಪಕ್ಷ. ಮನೆ ಕುಸಿದು ಯಜಮಾನನು ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಯಜಮಾನನ ಮಗನು ಸತ್ತರೆ ಕಟ್ಟಿದವನ ಮಗನಿಗೆ. ಆ ಮಗನು ಮಾಡಿದ ಅಪರಾಧವೇನೆಂದು ಶಾಸನವು ಕೇಳಲಿಲ್ಲ.

ನಮ್ಮ ಕೌಟಿಲ್ಯನು ಪ್ರಾಣಕ್ಕೆ ಬದಲಾಗಿ ಕೂಲಿಯನ್ನು ಹಿಡಿದನು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ತೋರಿಸಿದ ಅರ್ಥಶಾಸ್ತ್ರದಲ್ಲಿ, ಕಂಟಕಶೋಧನವೆಂಬ ಅಧಿಕರಣವು ಕಾರುಕರ, ಎಂದರೆ ಕೈಗೆಲಸದವರ, ವಿಚಾರದಿಂದಲೇ ಮೊದಲಾಗುತ್ತದೆ. ಗೊತ್ತುಮಾಡಿದ ಕಾಲವನ್ನು ಮೀರಿದವನಿಗೆ ಕೂಲಿಯಲ್ಲಿ ಕಾಲುಭಾಗ ನಷ್ಟ, ಅದರ ಇಮ್ಮಡಿ ದಂಡ; ಹೇಳಿದುದಕ್ಕೆ ಬೇರೆಯಾಗಿ ಮಾಡಿದವನಿಗೆ ಕೂಲಿಯೆಲ್ಲವೂ ನಷ್ಟ, ಮೇಲೆ ಅದರ ಇಮ್ಮಡಿ ದಂಡ. ಇಲ್ಲಿ ತೂಗಿದ್ದು ಕೆಲಸವನ್ನೇ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ರೋಮಿನ ವಾಸ್ತುಗ್ರಂಥಕಾರ ವಿಟ್ರೂವಿಯಸನು ಎಫೆಸಸ್ ಪಟ್ಟಣದ ಒಂದು ಕಟ್ಟಳೆಯನ್ನು ಹೊಗಳಿದ್ದಾನೆ. ಅಲ್ಲಿ ಸಾರ್ವಜನಿಕ ಕಟ್ಟಡವನ್ನು ವಹಿಸಿಕೊಂಡವನು ವೆಚ್ಚದ ಅಂದಾಜನ್ನು ಕೊಟ್ಟು, ಕೆಲಸ ಮುಗಿಯುವತನಕ ತನ್ನ ಆಸ್ತಿಯನ್ನು ಒತ್ತೆಯಿಡಬೇಕಾಗಿತ್ತು. ಅಂದಾಜಿಗಿಂತ ಕಾಲುಪಾಲಿನವರೆಗೆ ಹೆಚ್ಚಾದುದನ್ನು ಬೊಕ್ಕಸವು ತುಂಬುತ್ತಿತ್ತು. ಅದಕ್ಕೂ ಮೀರಿದುದು ಅವನ ಆಸ್ತಿಯಿಂದಲೇ ಹೋಗುತ್ತಿತ್ತು. ಮುಂಗಡವಾಗಿ ಕಟ್ಟಿಹಾಕುವ ಉಪಾಯ ಇಲ್ಲಿದೆ. ವಿದ್ಯೆಯ ಪರೀಕ್ಷೆ ಮಾತ್ರ ಇನ್ನೂ ಇಲ್ಲ.

ಆ ಪರೀಕ್ಷೆಯನ್ನು ಸೇರಿಸಿದ ಆಧುನಿಕ ಶಾಸನಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ್ದು ವಿಚಾರಯೋಗ್ಯವಾದುದು. 1929ರಲ್ಲಿ ಅಲ್ಲಿ ಗುತ್ತಿಗೆದಾರರಿಗೆ ಸನ್ನದು ಕೊಡುವ ಕಚೇರಿ ಹುಟ್ಟಿತು. 1935ರಲ್ಲಿ ಅದರ ಆಡಳಿತವು ಏಳು ಮಂದಿಯ ಮಂಡಲಿಗೆ ಸೇರಿತು. ಪರೀಕ್ಷೆಯು ಕಡ್ಡಾಯವಾದುದು 1938ರಲ್ಲಿ. ಈಗ ಸನ್ನದನ್ನು ಬೇಡುವವನು ತನ್ನ ಕಸುಬಿನಲ್ಲಿ ನಾಲ್ಕು ವರ್ಷದ ಅನುಭವವನ್ನು ತೋರಿಸಿ, ಕಸುಬಿನಲ್ಲಿಯೂ ಕಾಯಿದೆಯಲ್ಲಿಯೂ ಪರೀಕ್ಷೆ ಕೊಡಬೇಕು. 2023ರಿಂದ ಜಾಮೀನು 25,000 ಡಾಲರು. ವಿದ್ಯುತ್ತಿನ ಕೆಲಸಕ್ಕೊಂದು, ಕೊಳಾಯಿಯ ಕೆಲಸಕ್ಕೊಂದು ವರ್ಗವುಂಟು. ಇಷ್ಟರಮಟ್ಟಿಗೆ ಆಕ್ಷೇಪಿಸತಕ್ಕದ್ದೇನೂ ಇಲ್ಲ. ವೈದ್ಯನನ್ನು ಪರೀಕ್ಷಿಸುವ ಸರ್ಕಾರವು, ನಮ್ಮ ತಲೆಯ ಮೇಲೆ ಸೂರು ನಿಲ್ಲಿಸುವವನನ್ನು ಪರೀಕ್ಷಿಸದೆ ಬಿಡಬೇಕೇಕೆ?

ತೊಡಕಿರುವುದು ಕೂಲಿಯ ವಿಚಾರದಲ್ಲಿ. ಸನ್ನದಿಲ್ಲದ ಗುತ್ತಿಗೆದಾರನು ಎಷ್ಟೇ ಚೆನ್ನಾಗಿ ಕಟ್ಟಿದ್ದರೂ, ಬರಬೇಕಾದ ಹಣಕ್ಕಾಗಿ ಅಲ್ಲಿನ ನ್ಯಾಯಾಲಯದಲ್ಲಿ ದಾವೆ ಹೂಡಲಾರನು. ಪಾಮ್ ಸ್ಪ್ರಿಂಗ್ಸಿನ ಒಂದು ಜಲವಿಹಾರದಲ್ಲಿ ಕೃತಕ ಅಲೆಗಳ ಕೊಳಕ್ಕೆ ಯಂತ್ರಗಳನ್ನು ಒದಗಿಸಿದ ನ್ಯೂಯಾರ್ಕಿನ ಸಂಸ್ಥೆಯೊಂದಕ್ಕೆ ಈ ಸನ್ನದಿರಲಿಲ್ಲ. ಹಣ ಕೊಡುವೆವೆಂದು ಸುಳ್ಳು ಭರವಸೆಯಿತ್ತು ತನ್ನನ್ನು ಕೆಲಸಕ್ಕೆ ಎಳೆದರೆಂಬುದು ಅದರ ವಾದ. 1991ರಲ್ಲಿ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು, ವಂಚನೆಯ ಹೆಸರಿನಲ್ಲಿ ಕೇಳಿದರೂ ಈ ಹಣವು ದೊರೆಯಲಾರದೆಂದು ತೀರ್ಪಿತ್ತಿತು. 2001ರ ತಿದ್ದುಪಡಿಯಂತೂ, ಕೊಟ್ಟುಬಿಟ್ಟ ಹಣವನ್ನೂ ಯಜಮಾನನು ಹಿಂದಕ್ಕೆ ಪಡೆಯಬಹುದೆಂದಿತು. ಗೋಡೆ ನಿಂತಿರುತ್ತದೆ, ಕಟ್ಟಿದವನ ಕೈ ಬರಿದಾಗುತ್ತದೆ!

ಕೌಟಿಲ್ಯನು ಕೂಲಿಯನ್ನು ಕಳೆದದ್ದು ಕೆಲಸದ ದೋಷಕ್ಕೆ. ಇಲ್ಲಿ ಕಳೆಯುವುದು ಕಾಗದದ ದೋಷಕ್ಕೆ. ಸನ್ನದಿಲ್ಲದವರಿಗೆ ಹೀಗೆ ಭಯವಿಡದಿದ್ದರೆ ಪರೀಕ್ಷೆಗೆ ಯಾರು ಬಂದಾರು ಎಂಬ ಸಮಾಧಾನವು ದುರ್ಬಲವಲ್ಲ. ಆದರೂ ನನ್ನ ಮನಸ್ಸು ಕೌಟಿಲ್ಯನ ಕಡೆಗೇ ವಾಲುತ್ತದೆ. ಹಣವನ್ನು ಮರಳಿ ಕೇಳುವವರು ಕೆಲಸ ಮುಗಿದ ಅಥವಾ ನಿಂತ ಒಂದು ವರ್ಷದೊಳಗೆ ಕೇಳತಕ್ಕದ್ದೆಂದು 2020ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವು ತೀರ್ಪಿತ್ತಿತು. ಶಾಸನಕರ್ತರಿಗೂ ಕೊಂಚ ಅಳುಕಾದಂತಿದೆ: 2025ರಿಂದ, ಬೇರೆ ಅನುಮತಿ ಬೇಡದ, ಕೂಲಿಯಾಳನ್ನು ಇಟ್ಟುಕೊಳ್ಳದ ಸಣ್ಣ ಕೆಲಸಕ್ಕೆ ಸನ್ನದಿನ ಹಂಗಿಲ್ಲದ ಮೇರೆಯನ್ನು 500 ಡಾಲರಿನಿಂದ 1,000ಕ್ಕೆ ಏರಿಸಿದರು.