ತುಂಬೆ ಹೂವಿನ ರೋಮ: ಸಸ್ಯಚಿತ್ರಣದಲ್ಲಿ ಲೇಯರ್ ಮತ್ತು ಸಾಕ್ಷ್ಯ

ಹೊಲದ ಬದುವಿನಲ್ಲಿ ಅರಳುವ ತುಂಬೆ ಹೂವಿನ ಉದ್ದ ಸುಮಾರು ಒಂದು ಸೆಂಟಿಮೀಟರ್. ಮ್ಯಾಕ್ರೋ ಲೆನ್ಸಿನಲ್ಲಿ ಅದನ್ನು ನಿಜಗಾತ್ರದಲ್ಲಿ ಹಿಡಿದರೆ, ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಎಫ್/8ಕ್ಕೆ ಸ್ಪಷ್ಟವಾಗಿ ಮೂಡುವ ಆಳ ಹೆಚ್ಚುಕಡಿಮೆ 1 ಮಿಲಿಮೀಟರ್ ಮಾತ್ರ. ಮೇಲ್ದುಟಿಯ ಬಿಳಿ ರೋಮ ನಿಚ್ಚಳವಾದಾಗ ಹಿಂದಿನ ಪುಷ್ಪಪಾತ್ರೆ ಮಸುಕಾಗಿರುತ್ತದೆ. ಅಪರ್ಚರನ್ನು ಎಫ್/22ಕ್ಕೆ ಕಿರಿದು ಮಾಡಿದರೆ ಆಳವೇನೋ ಹೆಚ್ಚುತ್ತದೆ. ಆದರೆ ಕಿರುಗಿಂಡಿಯ ಅಂಚಿನಲ್ಲಿ ಬೆಳಕು ಬಾಗಿ ಹರಡುವುದರಿಂದ ಇಡೀ ಚಿತ್ರದ ಮೊನಚು ಕುಂದುತ್ತದೆ.

ಇದಕ್ಕೆ ಇಂದಿನ ಪರಿಹಾರ ಫೋಕಸ್ ಸ್ಟ್ಯಾಕಿಂಗ್. ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತ ತೆಗೆದ ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ, ಪ್ರತಿ ಲೇಯರಿನ ಸ್ಪಷ್ಟ ಭಾಗವನ್ನಷ್ಟೇ ಮಾಸ್ಕ್ ಮೂಲಕ ಉಳಿಸಿಕೊಳ್ಳುತ್ತಾರೆ. ಫೋಟೋಶಾಪ್‌ಗೆ ಲೇಯರ್ ಬಂದದ್ದು 1994ರ 3.0 ಆವೃತ್ತಿಯಲ್ಲಿ. ಉಚಿತವಾಗಿ ಸಿಗುವ ಗಿಂಪ್‌ನಲ್ಲೂ ಈಗ ಆ ಸೌಲಭ್ಯವಿದೆ.

ಹಾಗೆ ಜೋಡಿಸಿದ ಚಿತ್ರವನ್ನು ಸಸ್ಯಶಾಸ್ತ್ರ ನಂಬಬಹುದೇ?

ಗಿಡದ ಚಿತ್ರಕ್ಕೆ ಕೈ ತಾಗದ ಕಾಲವೇ ಇರಲಿಲ್ಲ ಎನ್ನಬೇಕು. ಇಂಗ್ಲೆಂಡಿನ ಆ್ಯನಾ ಆಟ್ಕಿನ್ಸ್ 1843ರಿಂದ ಪ್ರಕಟಿಸಿದ ಪಾಚಿಗಳ ನೀಲಿ ಮುದ್ರಣಗಳಿಗೆ ಕ್ಯಾಮೆರಾವೇ ಬೇಕಿರಲಿಲ್ಲ. ರಾಸಾಯನಿಕ ಬಳಿದ ಕಾಗದದ ಮೇಲೆ ಪಾಚಿಯನ್ನಿಟ್ಟು ಬಿಸಿಲಿಗೆ ಒಡ್ಡುತ್ತಿದ್ದರು. ಎಳೆಗಳನ್ನು ಬಿಡಿಸಿ ಹರಡಿದ್ದು ಮಾತ್ರ ಅವರ ಬೆರಳುಗಳೇ. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ 1928ರಲ್ಲಿ ಹೊರತಂದ ಸಸ್ಯಚಿತ್ರ ಸಂಪುಟದ ಮೊಗ್ಗು, ಕುಡಿಗಳ ಶಿಲ್ಪದಂಥ ಚೆಲುವಿನ ಹಿಂದೆ ಆಯ್ಕೆ, ಸವರುವಿಕೆ, ಜೋಡಣೆ ಎಲ್ಲವೂ ಇದ್ದವು. ಆದ್ದರಿಂದ ಚಿತ್ರದ ವಿಶ್ವಾಸಾರ್ಹತೆಯನ್ನು ಅಳೆಯುವಾಗ ಅದನ್ನು ಎಷ್ಟು ತಿದ್ದಿದ್ದಾರೆ ಎಂಬುದಕ್ಕಿಂತ, ತಿದ್ದಿದ ಜಾಡು ಉಳಿದಿದೆಯೇ ಎಂದು ನೋಡುವುದೇ ಸರಿ.

ತುಂಬೆಯ ಮೇಲ್ದುಟಿಗೇ ಮರಳಬಹುದು. ಅಲ್ಲಿನ ರೋಮ ಸ್ಟ್ಯಾಕಿಂಗ್ ತಂತ್ರಾಂಶಕ್ಕೆ ಕಠಿಣ ಪರೀಕ್ಷೆ. ಮುಂದಿನ ರೋಮ ಸ್ಪಷ್ಟವಾಗಿರುವ ಲೇಯರಿನಲ್ಲಿ ಹಿನ್ನೆಲೆ ಮಸುಕು. ಹಿನ್ನೆಲೆ ಸ್ಪಷ್ಟವಾಗಿರುವ ಲೇಯರಿನಲ್ಲಿ ಅದೇ ರೋಮ ಊದಿಕೊಂಡು ಅಕ್ಕಪಕ್ಕದ ಜಾಗವನ್ನು ಮುಚ್ಚಿರುತ್ತದೆ. ರೋಮದ ಅಂಚಿಗೆ ಹೊಂದಿದ ಹಿನ್ನೆಲೆಯ ಶುದ್ಧ ಚಿತ್ರ ಯಾವ ಲೇಯರಿನಲ್ಲೂ ಇಲ್ಲದ ಕಾರಣ ಸುತ್ತ ತೆಳು ಪ್ರಭೆಯೊಂದು ಉಳಿಯುತ್ತದೆ. ಗಾಳಿಗೆ ಹೂ ಅಲುಗಿದರಂತೂ ಒಂದು ರೋಮ ಎರಡಾಗಿ ಮೂಡುತ್ತದೆ. ಈ ಹೂವಿನ ಮೇಲ್ದುಟಿಯ ಅಡಿಯಲ್ಲಿರುವ ಕೇಸರಗಳು ನಾಲ್ಕು. ಅಜಾಗರೂಕ ಜೋಡಣೆಯಲ್ಲಿ ಐದನೆಯದೊಂದು ಹುಟ್ಟಿಬಿಡಬಹುದು. ತುಂಬೆಯ ಕುಲದಲ್ಲಿ ಪ್ರಭೇದಗಳನ್ನು ಬೇರ್ಪಡಿಸಲು ಪುಷ್ಪಪಾತ್ರೆಯ ಬಾಯಿ, ಅದರ ಹಲ್ಲು, ರೋಮಗಳೇ ಆಧಾರವಾದ್ದರಿಂದ ಇದನ್ನು ಸಣ್ಣ ದೋಷವೆಂದು ತಳ್ಳಿಹಾಕುವಂತಿಲ್ಲ.

ಬಣ್ಣದ ತೊಡಕು ಇನ್ನೂ ಹಳೆಯದು. ಫಿಲ್ಮಿನ ಕಾಲದಲ್ಲಿ ಕೆಲವು ನೀಲಿ ಹೂಗಳು ಗುಲಾಬಿಯಾಗಿ ಮೂಡುತ್ತಿದ್ದವು. ಕಣ್ಣಿಗೆ ಅಷ್ಟಾಗಿ ಕಾಣದ ಕಡುಗೆಂಪು ಬೆಳಕನ್ನು ಆ ದಳಗಳು ಪ್ರತಿಫಲಿಸುತ್ತಿದ್ದವು, ಫಿಲ್ಮ್ ಅದನ್ನು ಗ್ರಹಿಸುತ್ತಿತ್ತು. ಅಂಥ ನೀಲಿ ಹೂ ಬಿಡುವ ಅಜೆರೇಟಮ್ ಗಿಡದ ಹೆಸರಿನಲ್ಲೇ ಈ ಪರಿಣಾಮವನ್ನು ಕರೆಯಲಾಯಿತು. ಇಂದು ಬಣ್ಣದ ಪಟ್ಟಿಯೊಂದನ್ನು ಗಿಡದ ಪಕ್ಕದಲ್ಲಿಟ್ಟು ಒಂದು ಚಿತ್ರ ತೆಗೆದು, ಅದನ್ನು ನೋಡಿ ಅಡ್ಜಸ್ಟ್‌ಮೆಂಟ್ ಲೇಯರಿನಲ್ಲಿ ಬಣ್ಣ ಹೊಂದಿಸಿದರೆ ಮೂಲಚಿತ್ರಕ್ಕೆ ಧಕ್ಕೆಯಿಲ್ಲ. ಆ ಲೇಯರನ್ನು ಮರೆಮಾಡಿದ ಕ್ಷಣ ಮೊದಲಿನ ಬಣ್ಣ ಕಾಣುತ್ತದೆ.

ಚಿತ್ರವನ್ನು ಸಸ್ಯಶಾಸ್ತ್ರ ನಂಬಬಹುದೇ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ತಳಹದಿಯಿದೆ. ಸಿಸಿಲ್ ಸಲ್ಡಾನ ಮತ್ತು ಡ್ಯಾನ್ ನಿಕೋಲ್ಸನ್ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ 1976ರಲ್ಲಿ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರಾಜ್ಯದ ಸಸ್ಯಗಳ ಡಿಜಿಟಲ್ ದಾಖಲೆಯನ್ನೇ ರೂಪಿಸಿದೆ. ಇಷ್ಟಾದರೂ ಚಿತ್ರ ಒಣಮಾದರಿಯ ಸ್ಥಾನಕ್ಕೆ ಏರಿಲ್ಲ: ಅಂತಾರಾಷ್ಟ್ರೀಯ ನಾಮಕರಣ ಸಂಹಿತೆಯ ಪ್ರಕಾರ, 2007ರಿಂದ ಹೊಸ ಹೂಗಿಡವೊಂದಕ್ಕೆ ಹೆಸರಿಡಲು ಮಾದರಿ ಗಿಡವೇ ಬೇಕು, ಬರೀ ಚಿತ್ರ ಸಾಲದು.

ಈ ಕಟ್ಟುನಿಟ್ಟು ನ್ಯಾಯವಾದದ್ದೇ. ಆದರೆ ಒಣಮಾದರಿಯ ಹಾಳೆಯಲ್ಲಿ ತುಂಬೆಯ ಬಿಳುಪೂ ಇಲ್ಲ, ತುಟಿಯ ಬಾಗೂ ಇಲ್ಲ. ಅದನ್ನು ತುಂಬಿಕೊಡುವ ಚಿತ್ರ ದಾಖಲೆಯಾಗಬೇಕಾದರೆ ಮೂಲ ಚಿತ್ರಗಳು, ಲೇಯರ್‌ಗಳನ್ನು ಒಂದಾಗಿಸದ ಕಡತ, ಅಳತೆಪಟ್ಟಿ, ಸ್ಥಳ ಮತ್ತು ದಿನಾಂಕ ಜೊತೆಗಿರಬೇಕು. ಕಪ್ಪು ಹಿನ್ನೆಲೆಯ ಪ್ರದರ್ಶನ ಚಿತ್ರ ಬೇಕಾದರೆ ಅದಕ್ಕೊಂದು ಬೇರೆ ಪ್ರತಿ ಮಾಡಿಕೊಳ್ಳಬಹುದು. ರೋಮದ ಅಂಚು ಕತ್ತರಿಸಿಹೋದ ಆ ಪ್ರತಿಯನ್ನು ಪ್ರಭೇದ ಗುರುತಿಸಲು ಕಳಿಸುವುದು ಸಲ್ಲದು.